ಕರಿಬಸವಯ್ಯನ ಕ್ಯಾರಿಯರ್

"ಏನ್ರೀ ಇದು, ಸೈಕಲ್ಲಿಗೆ ದಿಂಬು ಕಟ್ತಾ ಇದೀರಾ?"

ಗುರುಶಾಂತಮ್ಮ ಹುರುಳಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಜಗಲಿಯಿಂದ ಕತ್ತು ಚಾಚಿದಳು. ಅಂಗಳದಲ್ಲಿ ಅವಳ ಗಂಡ, ಅರವತ್ನಾಲ್ಕರ ಕರಿಬಸವಯ್ಯ, ಅಟ್ಟದಿಂದ ಇಳಿಸಿದ ಹಳೇ ಸೈಕಲ್ಲಿನ ಮುಂದೆ ಬೆಳಗಿನಿಂದ ಕುಕ್ಕರುಗಾಲಲ್ಲಿ ಕೂತಿದ್ದ. ಟೈರು, ಟ್ಯೂಬು, ಬ್ರೇಕ್ ರಬ್ಬರು ಎಲ್ಲ ಹೊಸದಾಗಿದ್ದವು. ಈಗ ಕ್ಯಾರಿಯರಿನ ಸರದಿ.

"ದಿಂಬಲ್ಲ ಕಣೇ, ಸೀಟು. ಹಿಂದೆ ಕೂತೋರಿಗೆ ಗುಂಡಿ ಬಂದ್ರೂ ಗೊತ್ತಾಗಕಿಲ್ಲ."

"ಯಾರು ಕೂರೋರು?"

ಕರಿಬಸವಯ್ಯ ನಟ್ಟನ್ನು ಇನ್ನೊಂದು ಸುತ್ತು ಬಿಗಿದ. ಯಾರು ಕೂರಬೇಕೆಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಅವಳ ತವರೂರು ದಂಡಿನಶಿವರದಲ್ಲಿ ತಮ್ಮ ಮಹಾಂತೇಶನ ಮನೆಯ ಗೃಹಪ್ರವೇಶ. ಅಲ್ಲಿಗೆ ಹೆಂಡತಿಯನ್ನು ಇದೇ ಸೈಕಲ್ಲಿನ ಮೇಲೆ ಇನ್ನೊಂದು ಸಲ ಕರೆದುಕೊಂಡು ಹೋಗಬೇಕು ಅನ್ನುವುದೊಂದೇ ಅವನ ಆಸೆ. ಅವಳೋ, ಮೂವತ್ತೆಂಟು ವರ್ಷದಿಂದ ಅದನ್ನು ಹತ್ತಿದವಳಲ್ಲ. ಬಸ್ಸು ತಪ್ಪಿದ ದಿನ ಕೊಬ್ಬರಿ ಲಾರಿಯಲ್ಲಿ ಮೂಟೆಯ ಪಕ್ಕ ಕೂತು ಹೋದಳೇ ಹೊರತು ಸೈಕಲ್ ಮಾತ್ರ ಬೇಡವೆಂದಳು.

ತಪ್ಪು ಕರಿಬಸವಯ್ಯನದೇ. ಮದುವೆಯಾಗಿ ಎರಡನೇ ವರ್ಷ, ತವರಿನಿಂದ ಅಮ್ಮಸಂದ್ರದ ಮನೆಗೆ ವಾಪಸು ಬರುವಾಗ ಮಾವ ತಮ್ಮ ತೋಟದ ಹೆಮ್ಮೆಯ ಮರದ ನಾಲ್ಕು ತೆಂಗಿನ ಸಸಿ ಕೊಟ್ಟಿದ್ದರು. ಕ್ಯಾರಿಯರಿನ ಆ ಕಡೆ ಎರಡು, ಈ ಕಡೆ ಎರಡು ಸಸಿ ನೇತುಹಾಕಿ, ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟಿದ್ದ. ದಾರಿಯಲ್ಲೊಂದು ಏರು. ಏರು ಬಂದರೆ ಹೆಂಡತಿ ಇಳಿದು ನಡೆಯಬೇಕು, ಮೇಲೆ ಹತ್ತಿದ ಮೇಲೆ ಗಂಡ ಸೈಕಲ್ ನಿಧಾನ ಮಾಡಬೇಕು, ಅವಳು ಹಿಂದಿನಿಂದ ಓಡಿಬಂದು ಚಂಗನೆ ಕೂರಬೇಕು. ಆಗ ಎಲ್ಲರೂ ಹೋಗುತ್ತಿದ್ದದ್ದೇ ಹಾಗೆ. ಅವತ್ತೂ ನಿಧಾನ ಮಾಡಿದ. ಸಸಿಗಳು ಅಲ್ಲಾಡಿದವು. ಕೂತಳು ಅಂದುಕೊಂಡು ತುಳಿದ. ಸಸಿ ನೆಡಲು ಗುಂಡಿ ಎಷ್ಟು ಆಳ, ಗೊಬ್ಬರ ಎಷ್ಟು ಮಂಕರಿ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಮನೆ ಮುಂದೆ ಇಳಿದಾಗ ಅವನವ್ವ ಕೇಳಿದಳು, "ನನ್ ಸೊಸೆ ಎಲ್ಲೋ?"

ಅಯ್ಯೋ ಶಿವನೇ! ನಾಲ್ಕು ಸಸಿಯೂ ನೆಟ್ಟಗಿದ್ದವು, ಹೆಂಡತಿ ಇರಲಿಲ್ಲ. ಬಿದ್ದೆನೋ ಎದ್ದೆನೋ ಎಂದು ವಾಪಸು ತುಳಿದವನಿಗೆ ಅರ್ಧ ದಾರಿಯಲ್ಲಿ ಸಿಕ್ಕಳು. ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದಳು. "ನೀನು ಕೂಗಿದ್ದು ಗಾಳಿಗೆ ಕೇಳಿಸ್ಲಿಲ್ಲ ಕಣೇ" ಎಂದು ಗೋಗರೆದ. ಅವಳು ಸೈಕಲ್ಲಿನ ಪಕ್ಕದಲ್ಲಿ ನಡೆದೇ ಮನೆ ಸೇರಿದಳು. ಊರು ಒಂದು ವರ್ಷ ನಕ್ಕಿತು, ಆಮೇಲೆ ಮರೆಯಿತು. ಕರಿಬಸವಯ್ಯ ಮರೆಯಲಿಲ್ಲ. ಅದಕ್ಕೂ ಮೊದಲು ತುರುವೇಕೆರೆಗೆ ಸಿನಿಮಾಕ್ಕೆ ಹೋಗಿ ಬರುವಾಗ ಅವಳ ಭುಜ ಬೆನ್ನಿಗೆ ತಾಗುತ್ತಿತ್ತಲ್ಲ, ಆ ಸುಖ ಅವನಿಗೆ ಮತ್ತೆ ಸಿಗಲಿಲ್ಲ.

"ಈ ಕಂಬಿ ಏನಕ್ಕೆ?" ಅವಳು ಅಂಗಳಕ್ಕೇ ಇಳಿದುಬಂದಿದ್ದಳು.

"ಕಾಲಿಡಾಕೆ. ಈ ಜಾಲರಿ, ಚಕ್ರಕ್ಕೆ ಸೀರೆ ಸಿಕ್ಕಾಕಳ್ದಂಗೆ. ಸೈಕಲ್ ಅಂಗಡಿ ಹುಚ್ಚಣ್ಣ ಸಣ್ಣ ಕ್ಯಾರಿಯರ್ ಕೊಡಾಕ್ ಬಂದ. ಪುಸ್ತಕ ಇಡಾಕಲ್ಲ ಕಣಪ್ಪ, ಮನುಸ್ರು ಕೂರಾಕೆ ಅಂತ ಗಟ್ಟಿ ಕಂಬೀದೇ ಹುಡುಕ್ಸಿ ತಂದೆ. ಆ ಏರೂ ಈಗಿಲ್ಲ, ರೋಡ್ ಮಾಡೋವಾಗ ತಗ್ಗಿಸಿದಾರೆ. ಇಳಿಯೋ ಪ್ರಮೇಯಾನೇ ಇಲ್ಲ."

ಕಂಬಿ ಅಲುಗುತ್ತಿತ್ತು. ಹಳೇ ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ವಾಷರಿನ ಜಾಗಕ್ಕೆ ಕೂರಿಸಿದ. ಆಮೇಲೆ ರಟ್ಟಿನ ಡಬ್ಬಿಯಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸತೊಡಗಿದ.

"ಇದೊಂದು ಬಾಕಿ ಇತ್ತು! ಇರೋ ನಾಕು ಕೂದ್ಲು ಬಾಚ್ಕಳಾಕಾ?"

"ಹಿಂದೆ ನೀನು ಇದೀಯೋ ಇಲ್ವೋ ನೋಡ್ಕಳಾಕೆ" ಎಂದ ಕರಿಬಸವಯ್ಯ, ತಲೆ ಎತ್ತದೆ.

ಗುರುಶಾಂತಮ್ಮನ ನಗು ನಿಂತಿತು. ಸೆರಗಿನಿಂದ ಹುರುಳಿಯ ಧೂಳು ಕೊಡವಿಕೊಂಡಳು, ಮತ್ತೆ ಕೊಡವಿಕೊಂಡಳು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅವತ್ತು ನಾನು ಕೂಗ್ಲೇ ಇಲ್ಲ."

ಸ್ಪ್ಯಾನರು ತಿರುಗುವುದು ನಿಂತಿತು. "ಹಂಗಂದ್ರೆ?"

"ಕೂಗಿದ್ರೆ ಕೇಳ್ಸೋದು ಕಣ್ರೀ. ತವರು ಬಿಟ್ಟು ಬರೋವಾಗ ಏರಿನ ಗಂಟ ಅತ್ಕಂಡೇ ಬಂದೆ. ಯಾಕೆ ಅಂತ ಒಂದ್ ಮಾತು ಕೇಳ್ಲಿಲ್ಲ ನೀವು. ಬರೀ ಗುಂಡಿ, ಗೊಬ್ಬರ. ನಾನಿಲ್ಲ ಅನ್ನೋದು ಎಷ್ಟೊತ್ತಿಗೆ ಗೊತ್ತಾಯ್ತದೆ ನೋಡಾನ ಅಂತ ಅಲ್ಲೇ ಸುಮ್ಕೆ ನಿಂತ್ಕಂಡೆ."

"ಮನೇಗಂಟ ಗೊತ್ತಾಗ್ಲಿಲ್ಲ" ಎಂದ ಕರಿಬಸವಯ್ಯ. ಸ್ಪ್ಯಾನರನ್ನು ನೆಲಕ್ಕಿಟ್ಟ. ಮೆಲ್ಲಗೆ ಕೇಳಿದ, "ಯಾಕೆ ಅಳ್ತಿದ್ದೆ ಅವತ್ತು?"

"ಇವಾಗ ಕೇಳ್ತಾರೆ ನೋಡು! ಮರ್ತೇ ಹೋಗೈತೆ ಬುಡ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೈಕಲ್ಲು ಸ್ಟ್ಯಾಂಡಿನ ಮೇಲೇ ಇತ್ತು. ಗುರುಶಾಂತಮ್ಮ ಸೀರೆ ಒತ್ತಿ ಹಿಡಿದು ಹೊಸ ಸೀಟಿನ ಮೇಲೆ ಕೂತಳು, ಕಂಬಿಗೆ ಕಾಲು ಊರಿದಳು. ಕರಿಬಸವಯ್ಯ ಗಡಬಡಿಸಿ ಮುಂದೆ ಹತ್ತಿ ಕನ್ನಡಿ ತಿರುಗಿಸಿದ. ಮೊದಲು ಮನೆಯ ಸೂರು ಕಂಡಿತು, ಆಮೇಲೆ ಅವಳ ಹಣೆಯ ವಿಭೂತಿ, ಆಮೇಲೆ ಕಣ್ಣು. ತಿರುಗಿಸುವುದನ್ನು ಬಿಟ್ಟು ನೋಡುತ್ತಲೇ ಕೂತ.

ಅವಳು ಹಿಂದಿನಿಂದ ಅವನ ಬೆನ್ನಿಗೊಂದು ಗುದ್ದಿದಳು.

"ಸಾಕು, ಬಿಚ್ಚಾಕಿ ಅದನ್ನ. ನೀವು ರೋಡ್ ನೋಡ್ಕಂಡು ತುಳೀರಿ. ಈ ಸಲ ಇಳಿಯೋವಾಗ ನಾನೇ ಕೂಗ್ತೀನಿ."