ತಿರುಪಿನ ಮೇಲಿನ ಬಣ್ಣ

ಬಾಗಿಲು ಬಡಿದ ಸದ್ದಾದಾಗ ನಿವೃತ್ತ ಸುಬೇದಾರ್ ಬಿದ್ದಯ್ಯನವರಿಗೆ ತಮ್ಮ ಹಾಡಿನ ಯಂತ್ರಕ್ಕೆ ಏನಾಯಿತೆಂದೇ ತಲೆಬುಡ ತಿಳಿಯದಂತಾಗಿತ್ತು. ಗುರುಗ್ರಾಮದ ಈ ಮನೆ ಬಿಟ್ಟು ಚಿಕ್ಕ ಫ್ಲ್ಯಾಟ್‌ಗೆ ಹೋಗುವ ಮುನ್ನ, ತಾವೇ ಕಟ್ಟಿದ, ಹಳೇ ರೇಡಿಯೋಗಳಂತೆ ಗಾಜಿನ ವಾಲ್ವ್‌ಗಳಿರುವ ಆ ಆಂಪ್ಲಿಫೈಯರನ್ನು ಮಾರಲೇಬೇಕಿತ್ತು. ಬೆಳಗ್ಗೆ ಗಂಟಲು ಬಿಚ್ಚಿ ಹಾಡಿದ್ದ ಯಂತ್ರ ಈಗ ಗೊಗ್ಗರು ದನಿಯಲ್ಲಿ ಕನವರಿಸುತ್ತಿತ್ತು. ವಾಲ್ವ್‌ಗಳೊಳಗಿನ ಕೆಂಪು ಕಾವೂ ಮಂಕಾಗಿತ್ತು.

ಕೊಳ್ಳಲು ಬಂದ ಕಾರ್ತಿಕ್ ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ. “ಅಚ್ಛಾ ಅಂಕಲ್, ನಿಮ್ಮ ಗಾಯಕನಿಗೆ ಜ್ವರ ಬಂದಿದೆ. ಆಮೇಲೆ ನೋಡೋಣ,” ಎಂದು ಜಾರಿಕೊಂಡ.

“ಹೋಗಲಿ ಬಿಡಿ. ಹೊಸ ಮನೇಲೂ ಒಂದು ಮೂಲೆ ಇರುತ್ತಲ್ಲ,” ಎಂದರು ಪತ್ನಿ ಪೂವಮ್ಮ. ಈ ಡಬ್ಬವನ್ನು ಮಾರಿಬಿಡಿ ಎಂದು ವರ್ಷವಿಡೀ ಪೀಡಿಸಿದ್ದವರೂ ಅವರೇ!

ಬಿದ್ದಯ್ಯ ಇನ್ನಷ್ಟು ಗೊಂದಲಗೊಂಡು, ಸ್ವಿಚ್ ಆರಿಸಿ ಯಂತ್ರವನ್ನು ಮಗುಚಿದರು. ವಾಲ್ವ್‌ಗಳನ್ನು ಬಿಸಿಯಾಗಿಡುವ ವಿದ್ಯುತ್ತನ್ನು ಹದದಲ್ಲಿಡುವ ರೆಗ್ಯುಲೇಟರ್‌ನ ತಿರುಪನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದರು. ಅದು ಅಲುಗದಿರಲೆಂದು ಅವರು ಹಚ್ಚಿದ್ದ ಕೆಂಪು ಉಗುರುಬಣ್ಣ ಒಡೆದಿತ್ತು; ಅದರ ಮೇಲೆ ಗುಲಾಬಿ ಬಣ್ಣ ಇನ್ನೂ ಹಸಿಯಾಗಿತ್ತು. ಆ ತಿರುಪಿನ ಗುಟ್ಟು ಬಲ್ಲವರು, ಅದನ್ನು ಹದಗೊಳಿಸುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದವರೊಬ್ಬರೇ.

ಬಿದ್ದಯ್ಯ ತಲೆಯೆತ್ತಿದರು; ಗುಲಾಬಿ ಉಗುರುಗಳನ್ನು ಸೆರಗಿನಡಿ ಬಚ್ಚಿಟ್ಟುಕೊಳ್ಳುತ್ತಿದ್ದವರು ಪೂವಮ್ಮ.