ಎರಡೇ ಕಿಲೋಮೀಟರ್

ಗುಬ್ಬಿ ತಾಲ್ಲೂಕು ಕಚೇರಿಯ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಆಶಾ ಕಾರ್ಯಕರ್ತೆ ನರಸಿಂಹಮ್ಮ ಎದ್ದು ಹೋಗಿ ಗೋಡೆಯ ನಕ್ಷೆಯಲ್ಲಿ ತಮ್ಮ ಊರಿನ ಮೇಲೆ ಬೆರಳಿಟ್ಟರು. ಹೊಸ ಆರೋಗ್ಯ ಕೇಂದ್ರ ಬರುವ ಜಾಗಕ್ಕೆ ಯೋಜನಾಧಿಕಾರಿ ಶಿವಪ್ರಸಾದ್ ಆಗಷ್ಟೇ ಕೆಂಪು ಸ್ಟಿಕ್ಕರ್ ಅಂಟಿಸಿದ್ದರು.

"ನಮ್ಮೂರಿಂದ ಅಲ್ಲಿಗೆ ಎಷ್ಟು ದೂರ ಸಾರ್?"

"ಎರಡೇ ಕಿಲೋಮೀಟರ್ ಕಣಮ್ಮ."

ಬೆರಳು ನಕ್ಷೆಯ ಮೇಲೆ ಜಾರಿ ಒಂದು ಕಪ್ಪು ಗೆರೆಯ ಮೇಲೆ ನಿಂತಿತು. "ಇದು?"

"ರೈಲ್ವೆ ಲೈನು."

"ಅಲ್ಲಿ ಗೇಟಿಲ್ಲ ಸಾರ್. ಆಟೋ ಏಳು ಕಿಲೋಮೀಟರ್ ಸುತ್ಕೊಂಡು ಬರ್ಬೇಕು. ಹೋದ ವರ್ಷ ನಮ್ಮೂರ ಕಾವ್ಯ ಆಸ್ಪತ್ರೆಗೆ ಅಂತ ನಡ್ಕೊಂಡೇ ಹಳಿ ದಾಟೋಕೆ ಹೋಗಿ ಅಲ್ಲೇ ಜಲ್ಲಿ ಮೇಲೆ ಹೆತ್ತಳು. ಮಗು ಹಿಡ್ಕೊಂಡಿದ್ದು ಇದೇ ಕೈ."

ಹಿಂದಿನಿಂದ ಯಾರೋ, "ಪ್ಲಾನ್ ಫೈನಲ್ ಆಗಿದೆ, ಕೂತ್ಕೊಳ್ಳಮ್ಮ" ಎಂದರು. ನರಸಿಂಹಮ್ಮ ಕೂರಲಿಲ್ಲ, ಬೆರಳನ್ನೂ ತೆಗೆಯಲಿಲ್ಲ.

"ಒಂದ್ಸಲ ನನ್ ಜೊತೆ ನಡೆದು ನೋಡಿ ಸಾರ್. ಆಮೇಲೂ ಅಲ್ಲೇ ಸರಿ ಅಂದ್ರೆ ನಾನು ಬಾಯಿ ಬಿಡಲ್ಲ."

"ಆಯ್ತು, ಮುಂದಿನ ವಾರ ಬರ್ತೀನಿ."

"ಇವತ್ತೇ ಬನ್ನಿ. ಈ ವಾರದಲ್ಲೇ ನಮ್ಮೂರಲ್ಲಿ ಇಬ್ಬರಿಗೆ ದಿನ ತುಂಬ್ತವೆ."

ಶಿವಪ್ರಸಾದ್ ನರಸಿಂಹಮ್ಮನವರ ಮುಖವನ್ನೇ ನೋಡಿದರು. ಆಮೇಲೆ ನಕ್ಷೆಯಿಂದ ಕೆಂಪು ಸ್ಟಿಕ್ಕರ್ ಕಿತ್ತು ತಮ್ಮ ಡೈರಿಗೆ ಅಂಟಿಸಿಕೊಂಡರು.

"ನಡೀರಿ. ಎಲ್ಲಿ ಅಂಟಿಸ್ಬೇಕು ಅಂತ ಅಲ್ಲೇ ನೋಡೋಣ."