ಬಿಟ್ಟುಹೋದ ಕ್ಲ್ಯಾಂಪು

ಬೆಂಚಿನ ಮೇಲೆ ಉಳಿದಿದ್ದ ಕ್ಲ್ಯಾಂಪು ಕಣ್ಣಿಗೆ ಬಿದ್ದೊಡನೆ ಮೆಕ್ಯಾನಿಕ್ ತಿಪ್ಪೇಶನ ಎದೆ ಧಸಕ್ಕೆಂದಿತು. ಬೆಳಿಗ್ಗೆಯಷ್ಟೇ ಅವನು ಟೀಚರ್ ಹೇಮಾವತಿಯವರ ಕಾರಿನ ಇಂಜಿನ್ನಿಗೆ ಹೊಸ ಟರ್ಬೊ ಕೂರಿಸಿ ಕಳಿಸಿದ್ದ. ಟರ್ಬೊದಿಂದ ಆಯಿಲ್ ಕೆಳಗಿಳಿಯುವ ರಬ್ಬರ್ ಪೈಪು ಇಂಜಿನ್ನಿನ ಕಾದ ಹೊಗೆಕೊಳವೆಗೆ ತಾಗದಂತೆ ಹಿಡಿದಿಡಬೇಕಾದದ್ದು ಇದೇ ಕ್ಲ್ಯಾಂಪು. ಪೈಪು ಜೋತುಬಿದ್ದು ಸುಟ್ಟರೆ, ಆಯಿಲ್ ಸುರಿದು ಕಾರೇ ಹೊತ್ತಿಕೊಳ್ಳುತ್ತದೆ. ಟೀಚರೋ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಹತ್ತುತ್ತೇನೆ ಎಂದಿದ್ದರು.

ತಕ್ಷಣ ಅವರಿಗೆ ಫೋನ್ ಮಾಡಿದ. ಎತ್ತಿದ್ದು ಯಾರೋ ಗಂಡಸು.

"ಯಾರು, ಡ್ರೈವರಾ? ಟೀಚರಮ್ಮ ಎಲ್ಲಿ?"

"ಅವರಿಲ್ಲ. ಫೋನು ಗಾಡೀಲಿದೆ. ಏನು ಹೇಳಿ."

"ನಾನು ಮೆಕ್ಯಾನಿಕ್ಕು. ಬಾನೆಟ್ಟಿಂದ ಸುಟ್ಟ ವಾಸನೆ ಬರ್ತಿದೆಯಾ?"

"ಆಗ್ಲಿಂದ ಬರ್ತಿದೆ. ಈಗ ಹೊಗೇನೂ ಕಾಣ್ತಿದೆ."

"ಅಯ್ಯೋ, ಮಕ್ಕಳನ್ನ ಮೊದ್ಲು ಇಳಿಸಿ ಸಾರ್!"

"ಯಾವ ಮಕ್ಕಳೂ ಇಲ್ಲ. ನಾನೊಬ್ನೇ."

"ಹಂಗಾದ್ರೆ ಆಫ್ ಮಾಡಿ ದೂರ ಓಡಿ! ಬೆಂಕಿ ಹತ್ಕೊಳ್ಳುತ್ತೆ!"

ಬ್ರೇಕ್ ಕಿರುಚಿತು. ಬಾಗಿಲ ಸದ್ದು, ಓಡುವ ಹೆಜ್ಜೆಗಳ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ತಿಪ್ಪೇಶ ಕಂಡ ದೇವರಿಗೆಲ್ಲ ಮೊರೆಯಿಟ್ಟ.

ಕೊನೆಗೆ ಏದುಸಿರಿನ ನಡುವೆ ದನಿ ಬಂತು. "ಹೊಗೆ ಕಮ್ಮಿ ಆಗ್ತಿದೆ. ಜೀವ ಉಳಿಸಿದ್ರಿ ಅಣ್ಣಾ."

"ಸದ್ಯ! ಅಲ್ಲೇ ಇರಿ, ಈಗ್ಲೇ ಬರ್ತೀನಿ."

"ನೀವು ಬನ್ನಿ, ನಾನಿರಲ್ಲ. ಕಾರು ಘಾಟಿಯ ಎರಡನೇ ತಿರುವಲ್ಲಿದೆ, ಪೊಲೀಸ್ ಕಂಪ್ಲೇಂಟ್ ಕೊಡೋದು ಬೇಡ ಅಂತ ಟೀಚರಮ್ಮಂಗೆ ಹೇಳ್ಬಿಡಿ."